ಮೂರರಿಂದ ಶುರು

ಕೊಟೇಶನ್ ಮೂರು ಬೇಕು ಎಂದಿತ್ತು ಇಲಾಖೆ.
ತರಿಸಿದೆ. ಆಕ್ಲೆಂಡಿನವು ಎರಡು, ಸುವಾದ್ದು ಒಂದು.
ಮೂರರಲ್ಲೂ ಹೊಸ ಟ್ಯೂಬಾದ ಬೆಲೆ
ನಮ್ಮ ಶಾಲೆಯ ಛಾವಣಿಗಿಂತ ಹೆಚ್ಚು.

ಲಿಫುಕ ದ್ವೀಪ. ಆಫೀಸೆಂದರೆ
ಒಂದು ಮೇಜು, ಒಂದು ಫ್ಯಾನು, ಒಬ್ಬಳು ನಾನು.
ಸೀಮೆಸುಣ್ಣ, ಪೊರಕೆ, ಶೌಚದ ಮನೆಯ ಬಲ್ಬು
ಎಲ್ಲ ಕೊಂಡ ಕೈ ಇದು,
ನಾದ ಕೊಂಡು ಗೊತ್ತಿಲ್ಲ.

ಪೆನಿಸಿಮಾನಿ ಮೇಷ್ಟ್ರು ಪಟ್ಟಿ ತಂದಿಟ್ಟರು,
ಹಳೇ ಪರೀಕ್ಷೆಯ ಹಾಳೆಯ ಬೆನ್ನಿಗೆ, ಪೆನ್ಸಿಲಿನಲ್ಲಿ:
ಕಾರ್ನೆಟ್ ನಾಲ್ಕು, ಟ್ರಾಂಬೋನ್ ಎರಡು,
ಟ್ಯೂಬಾ ಒಂದು, ಬಳಸಿದ್ದಾದರೂ ಸರಿ, ಜಜ್ಜಿದ್ದಾದರೂ ಸರಿ,
ವಾಲ್ವ್ ಎಣ್ಣೆ ಹನ್ನೆರಡು ಸೀಸೆ.
ಎಣ್ಣೆಯ ಕೆಳಗೆ ಮಾತ್ರ ಎರಡು ಗೆರೆ.

'ಎಣ್ಣೆಗೇನು ಬರ ಇಲ್ಲಿ?' ಅಂದೆ
ಕಿಟಕಿಯಾಚೆಯ ತೆಂಗು ತೋರಿಸಿ.
ಅವರು ಮಾತಾಡದೆ ಹಳೆಯ ಕಾರ್ನೆಟ್ ಕೈಗಿಟ್ಟರು.
ಗುಂಡಿ ಒತ್ತಿದೆ. ಇಳಿದದ್ದು ಏಳಲಿಲ್ಲ.
ಜುಲೈಯ ತಂಪಿಗೆ ಕೊಬ್ಬರಿ ಎಣ್ಣೆ
ಒಳಗೇ ಹೆಪ್ಪುಗಟ್ಟಿ
ಒಂದು ಸ್ವರ ಸೆರೆಸಿಕ್ಕಿತ್ತು.

ನಮ್ಮಲ್ಲಿ ಸ್ವರಕ್ಕೆ ಅಂಕಿಯೇ ಹೆಸರು.
ಮೂರರಿಂದ ಶುರು, ಒಂಬತ್ತಕ್ಕೆ ಏಳೂ ಮುಗಿದವು.
ಕರಿಹಲಗೆಯ ಮೇಲೆ ಸಾಲು ಸಾಲು
ಮೂರು ಐದು ಏಳು, ಮತ್ತೆ ಮೂರು.
ಹೊಸಬರು ನೋಡಿದರೆ ಬಡ್ಡಿ ಲೆಕ್ಕ ಎಂದಾರು.
'ಒಂದು, ಎರಡು ಎಲ್ಲಿ ಹೋದವು?'
ಕೇಳಿದ್ದು ಫೆಲೆತಿ, ಮುಂದಿನ ಹಲ್ಲು ಬಿದ್ದ ಹುಡುಗ.
'ಆಫೀಸಿನಲ್ಲಿ ವಿಚಾರಿಸು,' ಎಂದರು ಮೇಷ್ಟ್ರು,
'ಲೆಕ್ಕ ಬರೆಯುವವಳು ಅವಳು.'
ಬಂದೂಬಿಟ್ಟ. ಒಂದು ಬಿಸ್ಕತ್ತು ಕೊಟ್ಟು ಕಳಿಸಿದೆ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ನಿಜ.
ಕಲೊಲೈನೆ ಹಾಸಿಗೆಯನ್ನೇ ಮಾರಿದಳು:
ಮಗಳ ಮದುವೆಗೆಂದು ಕೇದಗೆಯ ಗರಿ ಸೀಳಿ ಸೀಳಿ
ಎರಡು ವರ್ಷ ಹೆಣೆದ ಚಾಪೆ.
ಅದು ಒಂದು ಟ್ರಾಂಬೋನಿಗೆ ಸಾಕಾಯಿತು,
ಅದರ ಪೆಟ್ಟಿಗೆಗೆ ಸಾಲಲಿಲ್ಲ.
ಮಗಳು ಎರಡು ದಿನ ತಾಯಿಯ ಜತೆ ಮಾತು ಬಿಟ್ಟಳು.

ಉಳಿದದ್ದಕ್ಕೆ ಶನಿವಾರ ಸಂಜೆ ಕುಣಿತ.
ಹುಡುಗಿಯರ ತೋಳು ಭುಜಕ್ಕೆಲ್ಲ ಎಣ್ಣೆ ಸವರಿ
ದೀಪದ ಕೆಳಗೆ ನಿಲ್ಲಿಸಿದೆವು.
ಮೆಚ್ಚಿದವರು ಬಂದು ಬಂದು
ಮಿನುಗುವ ಮೈಗೆ ನೋಟು ಅಂಟಿಸಿ ಹೋದರು.
ಮೀನುಗಾರರು, ಪಾದ್ರಿ, ಜಗಳಗಂಟಿ ಅಂಗಡಿಯವ,
ಅಲ್ಲೇ ಕುಳಿತು ಸಾಲ ಪಡೆದು ಅಂಟಿಸಿದ ಒಬ್ಬ ಅಜ್ಜ.
ನಡುರಾತ್ರಿಯವರೆಗೆ ಎಣಿಸಿದೆ.
ಪ್ರತಿ ನೋಟಿನಲ್ಲೂ ತೆಂಗಿನ ವಾಸನೆ,
ಪ್ರತಿ ನೋಟೂ ಇನ್ನೊಂದನ್ನು ಬಿಡಲೊಲ್ಲದು.
ಬ್ಯಾಂಕಿನವಳು ಬೆರಳು ಒರೆಸಿಕೊಳ್ಳುತ್ತ ಗೊಣಗಿದಳು.
ವಾಲ್ವಿಗೆ ಒಗ್ಗದ ಎಣ್ಣೆ
ಅಂತೂ ಒಂದು ಕೆಲಸಕ್ಕೆ ಬಂತು.

ಹಡಗು ಹನ್ನೊಂದು ದಿನ ತಡ.
ಟ್ಯೂಬಾ ಇಳಿಯಿತು, ಹೊಟ್ಟೆಗೆ ಒಂದು ಗುಳಿ,
ಪೆಟ್ಟಿಗೆಯ ಮೇಲೆ ಯಾವುದೋ ಊರಿನ ಯಾವುದೋ ಶಾಲೆ,
ಕೋಣೆ ಹದಿನಾಲ್ಕು.
ಅಲ್ಲಿಯ ಮಗು ಹಿಡಿದಲ್ಲಿ ಹಿತ್ತಾಳೆಯ ಹೊಳಪು ಸವೆದಿತ್ತು.
'ಸರಕು ಸುಸ್ಥಿತಿಯಲ್ಲಿದೆಯೇ?' ಎನ್ನುತ್ತದೆ ರಸೀದಿ,
ಹೌದು, ಇಲ್ಲ, ಎರಡೇ ಚೌಕ.
'ಊದಿ ನೋಡಿ,' ಅಂದೆ ಮೇಷ್ಟ್ರಿಗೆ.
ಧಕ್ಕೆಯ ಮೇಲೆ ನಿಂತೇ ಊದಿದರು, ಕೆಳಗಿನ ಮೂರು.
ಸಿಮೆಂಟು ಹೊತ್ತವರು ಹೊತ್ತುಕೊಂಡೇ ನಿಂತರು.
ಹಂದಿಯೊಂದು ಓಡಿಹೋಯಿತು.
ನಾನು ಗುಳಿಯನ್ನು ಮರೆತು
ಹೌದು ಎಂದು ಗೀಚಿದೆ.

ಆಮೇಲೆ ಎಣಿಸಿದರೆ
ಸೀಸೆ ಹನ್ನೆರಡು, ಮೌತ್‌ಪೀಸ್ ನಾಲ್ಕು,
ಕಾರ್ನೆಟ್ ಮೂರು.
ನಾಲ್ಕನೆಯದು ಫೆಲೆತಿಯದಾಗಬೇಕಿತ್ತು.
ಅವನು ಅಳಲಿಲ್ಲ. ಮೌತ್‌ಪೀಸ್ ಜೇಬಿಗಿಳಿಸಿದ.
ಈಗ ದಿನಾ ಸಂಜೆ ನನ್ನ ಕಿಟಕಿಯ ಕೆಳಗೆ
ಬಾತುಕೋಳಿಯಂಥ ದನಿಯೊಂದು
ಹಲ್ಲಿನ ಸಂದಿಯಿಂದ ಗಾಳಿ ಸೋರಿಸುತ್ತ
ಮನೆಗೆ ಹೋಗುತ್ತದೆ.

ನಾನು ಕಾಗದ ಬರೆಯುತ್ತಿದ್ದೇನೆ ಆಕ್ಲೆಂಡಿಗೆ:
ಮಾನ್ಯರೇ, ಹಣ ಪೂರ್ತಿ ಸಂದಾಯವಾಗಿದೆ,
ನೋಟಿಗೆ ಎಣ್ಣೆ ಮೆತ್ತಿದ್ದರೆ ಕ್ಷಮಿಸಿ.
ಮೂರು ಬಂದಿವೆ.
ಒಂದು ಎಲ್ಲಿ ಹೋಯಿತು ತಿಳಿಸಿ,
ಇಲ್ಲಿ ಒಬ್ಬ ಹುಡುಗ ಕೇಳುತ್ತಿದ್ದಾನೆ.